ಯುದ್ಧ ಮುಗಿದು ಐವತ್ತು ವರ್ಷ ಆಯ್ತು, ಈಗ ಮಾತಾಡಿ ಏನು ಪ್ರಯೋಜನ?

ಪ್ರಶ್ನೆ: ನಮ್ಮ ಮಾವನವರಿಗೆ 76 ವರ್ಷ. 1971ರ ಯುದ್ಧದಲ್ಲಿದ್ದವರು. ದೀಪಾವಳಿ ಬಂತೆಂದರೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಾರೆ. ರಾತ್ರಿ ಮೂರಕ್ಕೆ ಎದ್ದು ಗೇಟಿನ ಬೀಗ ಎಳೆದು ನೋಡುತ್ತಾರೆ. ಕೆಲಸದಲ್ಲಿದ್ದಾಗ ಇಷ್ಟಿರಲಿಲ್ಲವಂತೆ. ಈ ವಯಸ್ಸಲ್ಲಿ ಕೌನ್ಸೆಲಿಂಗ್‌ನಿಂದ ಏನಾದರೂ ಆಗುತ್ತಾ?
– ಒಬ್ಬ ಸೊಸೆ, ಜಾಲಹಳ್ಳಿ

ಉತ್ತರ: ಆಗುತ್ತದಮ್ಮಾ, ವಯಸ್ಸು ಅಡ್ಡಿಯಲ್ಲ. ಡ್ಯೂಟಿ, ಮಕ್ಕಳ ಫೀಸು, ಮನೆ ಸಾಲ ಅಂತ ಓಡುತ್ತಿದ್ದಾಗ ಒಳಗೇ ಅದುಮಿಟ್ಟದ್ದು, ರಿಟೈರ್ ಆಗಿ ಜೊತೆಗಿದ್ದವರು ಒಬ್ಬೊಬ್ಬರೇ ಹೋಗತೊಡಗಿದಾಗ ಮೇಲೆ ಬರುವುದುಂಟು. ಅವರು ಯುದ್ಧದಿಂದ ಬಂದಾಗ ಇದಕ್ಕೆ ಸರಿಯಾದ ಹೆಸರೂ ಇರಲಿಲ್ಲ. ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಅನ್ನುವುದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ.

ಚಿಕಿತ್ಸೆ ಅಂದರೆ ಸುಮ್ನೆ ಹರಟೆಯಲ್ಲ. ಒಂದು ಬಗೆಯಲ್ಲಿ, ಇಷ್ಟು ವರ್ಷ ನೆನೆಯದೆ ದೂರವಿಟ್ಟ ಆ ಒಂದು ಘಟನೆಯನ್ನೇ ಥೆರಪಿಸ್ಟ್ ಎದುರು ಮತ್ತೆ ಮತ್ತೆ, ಮೊದಲಿನಿಂದ ಕೊನೆಯವರೆಗೆ ಹೇಳಿಸುತ್ತಾರೆ. ನೆನಪು ಅಳಿಯುವುದಿಲ್ಲ, ಆದರೆ ಪಟಾಕಿ ಪಟಾಕಿಯಷ್ಟೇ ಅಂತ ಮೈ ನಿಧಾನಕ್ಕೆ ಕಲಿಯುತ್ತದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 15 ಸಲ. ಶುರುವಿನಲ್ಲಿ ಕೆಟ್ಟ ಕನಸು ಜಾಸ್ತಿಯಾಗಬಹುದು, ಅಲ್ಲಿಗೇ ಬಿಟ್ಟುಬಿಡಬೇಡಿ, ಥೆರಪಿಸ್ಟ್‌ಗೆ ಹೇಳಿ.

ಮೊದಲು ಮರೆವು, ಕಿವಿ, ಬಿಪಿ ಮಾತ್ರೆ ಎಲ್ಲ ನೋಡಿಸಿ. ಮಿಲಿಟರಿ ಕ್ಯಾಂಟೀನ್ ರಮ್ಮಿನ ಲೆಕ್ಕವನ್ನೂ ಡಾಕ್ಟರಿಗೆ ಮುಚ್ಚಿಡಬೇಡಿ! ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿದ್ದರೆ ಅದರ ಪಾಲಿಕ್ಲಿನಿಕ್ಕಿನಲ್ಲಿ ಕೇಳಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಅಂದರೆ ಅವರು ರೇಗಬಹುದು, 'ನಿದ್ದೆಗೆ ತೋರಿಸೋಣ ಮಾವ' ಅನ್ನಿ, ಅದು ಸುಳ್ಳೇನಲ್ಲವಲ್ಲ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.