ತುಣುಕು ದನಿಗಳ ತಂಡ

ಪ್ರಶ್ನೆ: ಅಮೆರಿಕದ ನೆಗೆಟಿವ್‌ಲ್ಯಾಂಡ್ ತಂಡವು ಇತರರ ಧ್ವನಿಮುದ್ರಣಗಳ ತುಣುಕುಗಳನ್ನು ಜೋಡಿಸಿ ಸಂಗೀತ ಕಟ್ಟುತ್ತದೆಯಂತೆ. ಇದನ್ನು ಸ್ವಂತ ಸೃಷ್ಟಿ ಎನ್ನಬಹುದೆ? ತಂಡದ ಮೇಲೆ ಮೊಕದ್ದಮೆ ಹೂಡಿದ್ದೇಕೆ?

ಉತ್ತರ: ಖಂಡಿತವಾಗಿ ಎನ್ನಬಹುದು. ಕ್ಯಾಲಿಫೋರ್ನಿಯಾದಲ್ಲಿ ಮಾರ್ಕ್ ಹಾಸ್ಲರ್, ರಿಚರ್ಡ್ ಲಯನ್ಸ್ ಮತ್ತು ಡೇವಿಡ್ ವಿಲ್ಸ್ ಕಟ್ಟಿದ ಈ ತಂಡದ ಮೊದಲ ಆಲ್ಬಂ 1980ರಲ್ಲಿ, ಕೈಯಿಂದಲೇ ಮಾಡಿದ ಹೊದಿಕೆಗಳೊಡನೆ ಹೊರಬಂದಿತು. ಮುಂದೆ ತಂಡವನ್ನು ಸೇರಿದ ಡಾನ್ ಜಾಯ್ಸ್, ಬರ್ಕ್ಲಿಯ ಕೆಪಿಎಫ್‌ಎ ರೇಡಿಯೊದಲ್ಲಿ 'ಓವರ್ ದಿ ಎಡ್ಜ್' ಎಂಬ ಕಾರ್ಯಕ್ರಮವನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ಜಾಹೀರಾತು, ಭಾಷಣ, ಹಾಡುಗಳ ತುಣುಕುಗಳು ಅಲ್ಲಿ ನೇರಪ್ರಸಾರದಲ್ಲೇ ಬೆರೆಯುತ್ತಿದ್ದವು. ಕೇಳುಗರೂ ಫೋನ್ ಮಾಡಿ ಆ ಮಿಶ್ರಣದೊಳಗೆ ಸೇರಿಕೊಳ್ಳುತ್ತಿದ್ದರು.

ನಿಮ್ಮ ಮೊದಲ ಪ್ರಶ್ನೆಗೆ 1987ರ 'ಎಸ್ಕೇಪ್ ಫ್ರಮ್ ನಾಯ್ಸ್' ಆಲ್ಬಂನ ಒಂದು ರಚನೆಯೇ ಸಾಕ್ಷಿ. ಅದರಲ್ಲಿ ಬಳಸಿಕೊಂಡ ಪ್ರವಚನವೊಂದರಲ್ಲಿ, ಕಮ್ಯುನಿಸ್ಟರು ಅಧಿಕಾರಕ್ಕೆ ಬಂದರೆ ಧ್ವನಿವರ್ಧಕಗಳಲ್ಲಿ ಏನೇನು ಮೊಳಗಬಹುದೆಂದು ಎಸ್ಟಸ್ ಪರ್ಕಲ್ ಎಂಬ ಕ್ರೈಸ್ತ ಬೋಧಕರು ಭಕ್ತರನ್ನು ಎಚ್ಚರಿಸುತ್ತಾರೆ. ತಂಡವು ಆ ಎಚ್ಚರಿಕೆಯನ್ನು ಬಿಟ್ಟು, ಅದರೊಳಗಿನ ಘೋಷಣೆಗಳನ್ನಷ್ಟೇ ತಾಳಕ್ಕೆ ಕೂರಿಸಿದ್ದರಿಂದ, ಧರ್ಮವನ್ನು ಕಾಯಲೆಂದು ಆಡಿದ ಮಾತೇ ಧರ್ಮವನ್ನು ಹೀಗಳೆಯುವ ಮಾತಾಗಿ ಕೇಳಿಸುತ್ತದೆ. ಪದಗಳೂ ದನಿಯೂ ಬೋಧಕರವು. ಅರ್ಥ ಮಾತ್ರ ತಂಡದ್ದು. ಸ್ಯಾಂಪ್ಲಿಂಗ್‌ನ, ಅಂದರೆ ಇತರರ ಧ್ವನಿಮುದ್ರಣದ ತುಣುಕುಗಳಿಂದ ಹೊಸ ರಚನೆ ಕಟ್ಟುವುದರ, ನಿಜವಾದ ಕಸುಬು ಇರುವುದು ಇಲ್ಲಿಯೇ ಎಂದು ನಾನು ನಂಬುತ್ತೇನೆ.

ಮೊಕದ್ದಮೆಗೆ ಕಾರಣವಾದದ್ದು 1991ರ 'ಯು2' ಎಂಬ ಕಿರು ಮುದ್ರಿಕೆ. ಅದರಲ್ಲಿ ಐರ್ಲೆಂಡಿನ ಯು2 ತಂಡದ ಹಾಡಿನ ತುಣುಕುಗಳಿದ್ದವು, ರೇಡಿಯೊ ನಿರೂಪಕ ಕೇಸಿ ಕೇಸಮ್ ಧ್ವನಿಮುದ್ರಣದ ನಡುವೆ ಸಿಟ್ಟಿನಿಂದ ಬೈದ ಮಾತುಗಳೂ ಇದ್ದವು. ಹೊದಿಕೆಯ ಮೇಲೆ 'ಯು2' ಎಂಬುದೇ ದೊಡ್ಡದಾಗಿ ಕಾಣುತ್ತಿತ್ತು. ಗ್ರಾಹಕರು ಮೋಸಹೋಗುತ್ತಾರೆಂದು, ಯು2 ತಂಡದ ಆಲ್ಬಂಗಳನ್ನು ಹೊರತರುತ್ತಿದ್ದ ಐಲೆಂಡ್ ರೆಕಾರ್ಡ್ಸ್ ಸಂಸ್ಥೆ ದಾವೆ ಹೂಡಿತು, ಹಾಡಿನ ಹಕ್ಕುಸ್ವಾಮ್ಯದ ಪ್ರಶ್ನೆಯೂ ಎದ್ದಿತು. ಹೊದಿಕೆಯ ಬಗೆಗಿನ ಆಕ್ಷೇಪವನ್ನು ತಳ್ಳಿಹಾಕಲಾಗದು; ಆದರೆ ಅದಕ್ಕೆ ಹೊದಿಕೆ ಬದಲಿಸಿದ್ದರೆ ಸಾಕಿತ್ತು, ಕೃತಿಯನ್ನೇ ಇಲ್ಲವಾಗಿಸಬೇಕಿರಲಿಲ್ಲ. ವ್ಯಾಜ್ಯದ ವೆಚ್ಚ ಭರಿಸುವ ಶಕ್ತಿಯಿಲ್ಲದೆ ರಾಜಿಯಾದದ್ದರಿಂದ, ಪ್ರತಿಗಳನ್ನು ಹಿಂದಕ್ಕೆ ತರಿಸಬೇಕಾಯಿತು, ಮತ್ತು ಇದು ಹಕ್ಕುದಾರರ ಅನುಮತಿಯಿಲ್ಲದೆಯೂ ಅಮೆರಿಕದ ಕಾನೂನು ಒಪ್ಪುವ 'ನ್ಯಾಯಯುತ ಬಳಕೆ'ಯೇ ಎಂಬುದನ್ನು ನ್ಯಾಯಾಲಯ ನಿರ್ಣಯಿಸಲೇ ಇಲ್ಲ. 1995ರಲ್ಲಿ ತಂಡವು ಈ ವ್ಯಾಜ್ಯದ ದಾಖಲೆಗಳನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿತು.

1997ರಲ್ಲಿ ಪೆಪ್ಸಿ ಜಾಹೀರಾತುಗಳನ್ನು ಕತ್ತರಿಸಿ ಕಟ್ಟಿದ 'ಡಿಸ್ಪೆಪ್ಸಿ' ಬಂದಾಗ ಆ ಕಂಪನಿ ಮೊಕದ್ದಮೆ ಹೂಡಲಿಲ್ಲ. ಜಾಯ್ಸ್ 2015ರಲ್ಲಿ, ಲಯನ್ಸ್ 2016ರಲ್ಲಿ ತೀರಿಕೊಂಡ ಬಳಿಕವೂ ತಂಡ ನಿಲ್ಲದೆ, 2019ರಲ್ಲಿ 'ಟ್ರೂ ಫಾಲ್ಸ್' ಆಲ್ಬಂ ಹೊರತಂದಿತು. ನೀವು ಮೊದಲು 'ಎಸ್ಕೇಪ್ ಫ್ರಮ್ ನಾಯ್ಸ್' ಕೇಳಿ, ಆಮೇಲೆ 'ಡಿಸ್ಪೆಪ್ಸಿ'ಗೆ ಹೋಗಿ.