ಮೂರೂವರೆ ವರ್ಷದ ಮಗಳು ಹೆಚ್ಚು ಮಾತಾಡುವುದಿಲ್ಲ. ಚಿತ್ರ ಬರೆಸಿದರೆ ಮಾತು ಬೆಳೆಯುತ್ತಾ?

ನಿಮ್ಮ ಮಗಳು ಮನೆಯಲ್ಲೂ ಒಂದೆರಡು ಪದದಲ್ಲೇ ಮುಗಿಸುತ್ತಾಳೆ, ಹೊರಗಿನವರ ಮುಂದೆ ಬಾಯೇ ಬಿಡುವುದಿಲ್ಲ, ಆದರೆ ಕ್ರೇಯಾನ್ ಸಿಕ್ಕರೆ ಎದ್ದೇಳುವುದೇ ಇಲ್ಲ ಎಂದು ಬರೆದಿದ್ದೀರಿ. ಆ ಆಸೆಯನ್ನೇ ಹಿಡಿದು ಮಾತಿಗೆ ಎಳೆಯಬಹುದಾ ಎನ್ನುವುದು ನಿಮ್ಮ ಪ್ರಶ್ನೆ. ಖಂಡಿತ ಆಗುತ್ತದೆ. ನಾನು 11 ವರ್ಷದಿಂದ ಈ ವಯಸ್ಸಿನ ಮಕ್ಕಳ ಜೊತೆಗೇ ಇದ್ದೇನೆ. ಆದರೆ ಕಾಗದ, ಬಣ್ಣ ಕೊಟ್ಟು ನಾವು ಎದ್ದು ಹೋದರೆ ಮಾತು ಬರುವುದಿಲ್ಲ. ಪಕ್ಕದಲ್ಲಿ ಕೂತ ದೊಡ್ಡವರು ಹೇಗಿರುತ್ತಾರೆ ಎನ್ನುವುದೇ ಮುಖ್ಯ.

ನನಗೆ ಇದು ಗೊತ್ತಾಗಿದ್ದು ಒಬ್ಬ ಹುಡುಗನಿಂದ. ನಾಲ್ಕು ವರ್ಷದವನು, ತರಗತಿಗೆ ಬಂದು ಮೂರು ತಿಂಗಳಾದರೂ ಮಾತಿಲ್ಲ. ದಿನಾ ಅವನ ಹಾಳೆ ನೋಡಿ "ಇದೇನು ಪುಟ್ಟ? ಇದ್ಯಾವ ಬಣ್ಣ?" ಎಂದು ಕೇಳುತ್ತಿದ್ದೆ. ಅವನು ಕೈಯಿಂದ ಚಿತ್ರ ಮುಚ್ಚಿಕೊಳ್ಳುತ್ತಿದ್ದ. ಒಂದು ದಿನ ನನ್ನ ಗಂಟಲು ಕಟ್ಟಿತ್ತು, ಮಾತಾಡಲು ಆಗುತ್ತಿರಲಿಲ್ಲ. ಸುಮ್ನೆ ಅವನ ಪಕ್ಕ ಕೂತು ನಾನೂ ಒಂದು ಬಸ್ಸು ಬಿಡಿಸತೊಡಗಿದೆ. ಒಂದು ಚಕ್ರ ಹಾಕಿ, ಬಣ್ಣ ಹುಡುಕುತ್ತಾ ನಿಲ್ಲಿಸಿದ್ದೆ. ಅವನು ಬಗ್ಗಿ ನೋಡಿ, "ಇನ್ನೊಂದು ಚಕ್ರ ಎಲ್ಲಿ?" ಎಂದ. ನನ್ನ ಕಣ್ಣು ತುಂಬಿ ಬಂತು.

ಅವತ್ತು ಅರ್ಥವಾಯಿತು, ನನ್ನ ಪ್ರಶ್ನೆಗಳು ಅವನಿಗೆ ಪರೀಕ್ಷೆಯಂತೆ ಕಾಣುತ್ತಿದ್ದವು. ಅದರಲ್ಲೂ "ಇದೇನು?" ಎನ್ನುವ ಪ್ರಶ್ನೆ ಎಳೆಯ ಮಕ್ಕಳಿಗೆ ನಿಜವಾಗಿ ಕಷ್ಟ. ಅವರು ಏನನ್ನೋ ಬರೆಯಬೇಕು ಅಂತ ಗೀಚುವುದೇ ಇಲ್ಲ, ಕೈ ಓಡಿದ ಗುರುತು ನೋಡುವುದೇ ಅವರಿಗೆ ಖುಷಿ. ಲೆವ್ ವೈಗಾಟ್ಸ್ಕಿ ಎಂಬ ಸೋವಿಯತ್ ಮನಶ್ಶಾಸ್ತ್ರಜ್ಞ 1930ರ ದಶಕದಲ್ಲೇ ಇದನ್ನು ಚೆನ್ನಾಗಿ ಗುರುತಿಸಿದ್ದ. ಚಿಕ್ಕ ಮಗು ಮೊದಲು ಬರೆದು ಆಮೇಲೆ ಹೆಸರಿಡುತ್ತದೆ. ಸ್ವಲ್ಪ ಬೆಳೆದ ಮೇಲೆ ಬರೆಯುತ್ತಾ ಅರ್ಧದಲ್ಲಿ ಹೆಸರು ಹೇಳುತ್ತದೆ. ಇನ್ನೂ ದೊಡ್ಡದಾದ ಮೇಲೆ "ಮನೆ ಬರೀತೀನಿ" ಎಂದು ಹೇಳಿಯೇ ಶುರು ಮಾಡುತ್ತದೆ. ಅಂದರೆ ಮಾತು ಚಿತ್ರದ ಹಿಂದಿನಿಂದ ಮುಂದಕ್ಕೆ ಬರುತ್ತದೆ. ನಿಮ್ಮ ಮಗಳು ಇನ್ನೂ ಗೀಚುತ್ತಿದ್ದರೆ, ಹೆಸರಿಗಾಗಿ ಅವಸರ ಮಾಡಬೇಡಿ.

ಹಾಗಾದರೆ ಏನು ಹೇಳುವುದು? ಕಂಡದ್ದನ್ನು ಹೇಳಿ. "ಓ, ಉದ್ದ ಗೆರೆ. ಸುತ್ತಿ ಸುತ್ತಿ ಬಂತು." ಅಷ್ಟು ಹೇಳಿ ಸುಮ್ಮನಿರಿ. ಈ ಸುಮ್ಮನಿರುವುದೇ ನಮಗೆ ಎಲ್ಲಕ್ಕಿಂತ ಕಷ್ಟ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಶಾಲೆಯ ವಿಜ್ಞಾನದ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. 3 ಸೆಕೆಂಡ್ ಕಾಯಲು ಕಲಿತ ಮೇಲೆ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದವರೂ ಮಾತಾಡಿದರು. ಮೂರೂವರೆ ವರ್ಷದ ಮಗುವಿಗೆ ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ.

ಎದುರು ಕೂರಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ. ಮುಖ ನೋಡಿ ಮಾತಾಡಲು ಅಂಜುವ ಮಗುವಿಗೆ ಇಬ್ಬರ ಕಣ್ಣೂ ಹಾಳೆಯ ಮೇಲಿದ್ದರೆ ಎಷ್ಟೋ ಹಗುರ. ಜೇಡಿಮಣ್ಣು ಅಥವಾ ಹಿಟ್ಟಿನ ಮುದ್ದೆ ಇದಕ್ಕೆ ಇನ್ನೂ ಒಳ್ಳೆಯದು. ಒತ್ತು, ಉರುಳಿಸು, ಎಳೆ, ಚುಚ್ಚು, ಅಂಟಿಸು... ಕೈ ಮಾಡುತ್ತಿರುವಾಗಲೇ ಕ್ರಿಯಾಪದಗಳು ಕಿವಿಗೆ ಬೀಳುತ್ತವೆ. ಒಂದೆರಡು ಪದದಲ್ಲಿ ನಿಂತ ಮಕ್ಕಳಿಗೆ ವಸ್ತುಗಳ ಹೆಸರು ಗೊತ್ತಿರುತ್ತದೆ, ಆದರೆ ವಾಕ್ಯ ಕಟ್ಟಲು ಬೇಕಾದ ಈ ಪದಗಳೇ ಅವರಲ್ಲಿ ಕಮ್ಮಿ ಇರುತ್ತವೆ.

ಮಾತಿಗೆ ಕಾರಣವೂ ಬೇಕು, ಅಲ್ವಾ? ಎಲ್ಲ ಸಾಮಾನನ್ನೂ ಮುಂದೆ ಹರಡಿಟ್ಟರೆ ಕೇಳುವ ಅಗತ್ಯವೇ ಇರುವುದಿಲ್ಲ. ಅಂಟಿನ ಬಾಟಲಿ ನಿಮ್ಮ ಹತ್ತಿರ ಇರಲಿ. ಅವಳು ನಿಮ್ಮ ಕಡೆ ನೋಡಿದಾಗ ಎರಡು ಉಸಿರು ಕಾಯಿರಿ. ಕೈ ತೋರಿಸಿದರೂ ಕೊಡಿ, "ಅಂಟು ಬೇಕಾ, ತಗೋ" ಎಂದು ಪದ ಸೇರಿಸಿ ಕೊಡಿ. ಹೇಳದಿದ್ದರೆ ಕೊಡಲ್ಲ ಅಂತ ಸತಾಯಿಸಬೇಡಿ. ಹಾಗೆ ಮಾಡಿದರೆ ಇಷ್ಟದ ಆಟವೂ ಬೇಡವಾಗುತ್ತದೆ.

ಮುಗಿದ ಮೇಲೆ ಅವಳು ಏನಾದರೂ ಹೇಳಿದರೆ, ಅದೇ ಮಾತನ್ನು ಅವಳೆದುರೇ ಚಿತ್ರದ ಕೆಳಗೆ ಬರೆಯಿರಿ. "ನಾಯಿ ಓಡ್ತು" ಅಂದರೆ ಹಾಗೇ ಬರೆಯಿರಿ, ತಿದ್ದಬೇಡಿ. ಬಾಯಲ್ಲಿ ಮಾತ್ರ ಒಂದು ಪದ ಬೆಳೆಸಿ ಹೇಳಿ: "ಹೌದು, ದೊಡ್ಡ ನಾಯಿ ಓಡ್ತು." ರಾತ್ರಿ ಮನೆಯವರಿಗೆ ಅವಳ ಕೈಯಲ್ಲೇ ತೋರಿಸಿ, ಓದಿ ಹೇಳಿ. ತನ್ನ ಮಾತು ಕಾಗದದ ಮೇಲೆ ಉಳಿಯುತ್ತದೆ ಎಂದು ಕಂಡ ಮಕ್ಕಳು ಮರುದಿನ ತಾವೇ ಹಾಳೆ ಹಿಡಿದು "ಬರಿ" ಅಂತ ಬರುವುದನ್ನು ನೋಡಿದ್ದೇನೆ.

ಮೊದಲೇ ಅಚ್ಚಾದ ಚಿತ್ರಕ್ಕೆ ಬಣ್ಣ ತುಂಬುವ ಪುಸ್ತಕಗಳು ಇದಕ್ಕೆ ಅಷ್ಟಾಗಿ ಒದಗುವುದಿಲ್ಲ. ಅಲ್ಲಿ ಏನಿದೆ ಎಂದು ಬೇರೆಯವರು ಆಗಲೇ ತೀರ್ಮಾನಿಸಿದ್ದಾರೆ, ಮಗು ಹೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ತಲೆಯಿಂದಲೇ ಕಾಲು ಬಂದ ಮನುಷ್ಯನನ್ನು ಬರೆದರೆ "ಹೊಟ್ಟೆ ಎಲ್ಲಿ?" ಎಂದು ತಿದ್ದಲೂ ಹೋಗಬೇಡಿ. ಮೂರು ನಾಲ್ಕು ವರ್ಷದ ಮಕ್ಕಳು ಹಾಗೇ ಬರೆಯುತ್ತಾರೆ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ನಾಲ್ಕು ಪದ ಸೇರಿಸಿ ಹೇಳುತ್ತಾರೆ. ನಿಮ್ಮ ಮಗಳು ಮನೆಯಲ್ಲೂ ಒಂದೆರಡು ಪದದಲ್ಲೇ ಇದ್ದಾಳೆ. ಆದ್ದರಿಂದ ಕಿವಿ ಪರೀಕ್ಷೆ ಮಾಡಿಸಿ, ಸ್ಪೀಚ್ ಥೆರಪಿಸ್ಟ್ ಒಬ್ಬರಿಗೆ ತೋರಿಸಿ. ಕಿವಿಯೊಳಗೆ ನೀರು ತುಂಬಿ ಕೇಳಿಸುವುದು ಮಂದವಾಗಿದ್ದರೂ ಮನೆಯಲ್ಲಿ ಗೊತ್ತಾಗದೆ ಹೋಗಬಹುದು. ಚಿತ್ರ ಬರೆಸಿ ನೋಡೋಣ ಎಂದು ಅದನ್ನು ಮುಂದೂಡಬೇಡಿ, ಎರಡೂ ಜೊತೆಗೇ ನಡೆಯಲಿ.

ದಿನಕ್ಕೆ 15 ನಿಮಿಷ ಸಾಕು. ಟಿವಿ, ಫೋನ್ ಆಫ್ ಇರಲಿ. ಮೊದಲ ವಾರ ಒಂದು ಪದವೂ ಬರದಿದ್ದರೆ ಗಾಬರಿಯಾಗಬೇಡಿ, ನಿಮ್ಮ ಚಿತ್ರ ನೀವು ಬಿಡಿಸುತ್ತಿರಿ. ಬೇಕೆಂದೇ ಒಂದು ಚಕ್ರ ಬಿಟ್ಟು ನೋಡಿ.