ಹೀಟರ್ ಕೋರ್ ಸೋರಿಕೆಗೆ ಪುಡಿ ಬೇಡ

ಹಳೇ ಟ್ರಕ್ಕಿನ ಒಳಗೆ ಸಿಹಿ ವಾಸನೆ, ಪಕ್ಕದ ಸೀಟಿನ ಮುಂದೆ ಮ್ಯಾಟ್ ಒದ್ದೆ, ಸೋರಿಕೆ ನಿಲ್ಲಿಸುವ ಪುಡಿ ಹಾಕಬಹುದಾ ಅಂತ ಕೇಳಿದ್ದೀರಿ. ನಾನಾದರೆ ಹಾಕಲ್ಲ. ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡ್ ಒಳಗೆ ಕೂತು ಕ್ಯಾಬಿನ್‌ಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್. ಅದರ ಸಣ್ಣ ಕೊಳವೆಗಳೇ ಪುಡಿಯಿಂದ ಕಟ್ಟಿಕೊಳ್ಳುವ ಸಾಧ್ಯತೆ ಜಾಸ್ತಿ.

ಮೊದಲು ಆ ಒದ್ದೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಜಿಡ್ಡಾಗಿದ್ದರೆ ಅದು ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ; ಕೋರ್ ಸೋರುತ್ತಿರಬಹುದು. ಬರೀ ನೀರಾದರೆ ಎಸಿಯ ಡ್ರೈನ್ ಪೈಪ್ ಕಟ್ಟಿರಬಹುದು, ಸುಮ್ನೆ ಡ್ಯಾಶ್‌ಬೋರ್ಡ್ ಬಿಚ್ಚಬೇಡಿ.

ಕೂಲಂಟೇ ಆಗಿದ್ದು ಗಾಡಿ ತುರ್ತಾಗಿ ಬೇಕಿದ್ದರೆ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೋರಿಗೆ ಹೋಗುವ ಎರಡೂ ಹೋಸ್ ಬಿಚ್ಚಿ, ಅವೆರಡನ್ನೇ ಒಂದಕ್ಕೊಂದು ಸೇರಿಸಿ ಕ್ಲಾಂಪ್ ಬಿಗಿಯಿರಿ. ಹೀಟರ್ ಇರಲ್ಲ, ಅಷ್ಟೇ.

ಹೊಸ ಕೋರ್ ಹಾಕಿದ ದಿನ ಹೋಸ್‌ಗಳನ್ನೂ ಬದಲಿಸಿ. ಹಳೆಯವು ಅಂಟಿಕೊಂಡಿದ್ದರೆ ಎಳೆದಾಡದೆ ಉದ್ದಕ್ಕೆ ಸೀಳಿ ತೆಗೆಯಿರಿ. ಕೋರಿನ ಪೈಪು ತೆಳು, ತಿರುಚಿದರೆ ಬಿರುಕು ಬಿಡುತ್ತದೆ. ಕೊನೆಗೆ ಕೂಲಂಟ್ ತುಂಬಿ, ಹೀಟರ್ ಪೂರ್ತಿ ಬಿಸಿಗಿಟ್ಟು ಒಳಗಿನ ಗಾಳಿ ಹೊರಹಾಕಿ.